ನಿವೇಶನವೆಂಬ ಸರಕು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕಿವಿಯು ಕನ್ನಡನಾಡಿನಲ್ಲಿಲ್ಲ. ಅದನ್ನು ಆಡಿದ ಹಿರಿಯರಿಗೆ ಮನೆ ಕಟ್ಟುವ ಕೆಲಸವು ಕಷ್ಟವಾಗಿ ತೋರಿತ್ತೇ ಹೊರತು ಅಸಾಧ್ಯವಾಗಿ ತೋರಿರಲಿಲ್ಲ. ಕಲ್ಲು, ಮರ, ಸುಣ್ಣ, ಕೂಲಿ ಇವುಗಳ ತಾಪತ್ರಯವೇ ಅವರ ಮನಸ್ಸಿನಲ್ಲಿದ್ದುದು. ಮನೆಯು ನಿಲ್ಲಬೇಕಾದ ನೆಲದ ಬೆಲೆಯ ಮಾತು ಆ ಗಾದೆಯೊಳಗೆ ಎಲ್ಲಿಯೂ ಬಾರದಿರುವುದು ವಿಚಾರಾರ್ಹವಾದ ಸಂಗತಿ. ಇಂದು ಮೈಸೂರಿನಲ್ಲಿ ಜವಳಿ ಅಂಗಡಿಯ ಗುಮಾಸ್ತನೋ, ಖಾಸಗಿ ಶಾಲೆಯ ಉಪಾಧ್ಯಾಯಿನಿಯೋ, ಆಸ್ಪತ್ರೆಯ ದಾದಿಯೋ ಮೊದಲ ಮನೆಯ ಮಾತೆತ್ತಿದರೆ, ಕಟ್ಟುವ ಪ್ರಶ್ನೆಯು ಏಳುವುದಕ್ಕೆ ಮುಂಚೆಯೇ ನೆಲದ ಪ್ರಶ್ನೆಯಲ್ಲಿ ಮಾತು ಮುಗಿದುಹೋಗುವುದು.

ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಈ ವಿಷಯದಲ್ಲಿ ಕಣ್ಣೀರಿಗಿಂತ ಲೆಕ್ಕವೇ ಹೆಚ್ಚು ಮಾತನಾಡುವುದು. ತಿಂಗಳಿಗೆ 20,000 ರೂಪಾಯಿ ಸಂಬಳ ತರುವ ಒಬ್ಬನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು ತೀರ ಕೆಳಗಿನ ಸಂಬಳವೇನೂ ಅಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗಳ ಅತಿಥಿ ಶಿಕ್ಷಕರಿಗೆ 2025ರ ಆಯವ್ಯಯದಲ್ಲಿ 2,000 ರೂಪಾಯಿ ಏರಿಸಿದ ಮೇಲೂ ದೊರೆತ ಗೌರವಧನವು 12,000 ರೂಪಾಯಿ. (ಈ ಮೊತ್ತಕ್ಕೆ ‘ಗೌರವಧನ’ ಎಂಬ ಹೆಸರು ಎಷ್ಟು ಉಚಿತವೆಂಬುದನ್ನು ವಾಚಕರೇ ತೂಗಿ ನೋಡಲಿ.) ಊರ ಹೊರವಲಯದಲ್ಲಿ 20 ಅಡಿ ಅಗಲ 30 ಅಡಿ ಉದ್ದದ ಚಿಕ್ಕ ನಿವೇಶನವೆಂದರೆ 600 ಚದರ ಅಡಿ. ಚದರ ಅಡಿಗೆ 3,000 ರೂಪಾಯಿಯೆಂದು ಹಿಡಿದರೆ ನೆಲಕ್ಕೆ 18 ಲಕ್ಷವಾಯಿತು. ಅದರ ಮೇಲೆ 500 ಚದರ ಅಡಿಯ ಮನೆಯನ್ನು ಅಡಿಗೆ 2,000 ರೂಪಾಯಿಯಂತೆ ಕಟ್ಟಿದರೆ 10 ಲಕ್ಷ. ಒಟ್ಟು 28 ಲಕ್ಷ. ಎಂದರೆ ಉಣ್ಣದೆ ಉಡದೆ ಕೂಡಿಟ್ಟ 140 ತಿಂಗಳ ಸಂಬಳ. ಬ್ಯಾಂಕಿನವರು ಸಂಬಳದ ಅರ್ಧವನ್ನು ಕಂತಾಗಿ ಪಡೆಯಲು ಒಪ್ಪಿದರೆಂದೇ ಇಟ್ಟುಕೊಂಡರೂ, ನೂರಕ್ಕೆ ಎಂಟೂವರೆ ಬಡ್ಡಿಯಂತೆ 20 ವರ್ಷಗಳ ಅವಧಿಗೆ ತಿಂಗಳ 10,000 ರೂಪಾಯಿ ಕಂತಿಗೆ ಹುಟ್ಟುವ ಸಾಲವು ಸುಮಾರು ಹನ್ನೊಂದೂವರೆ ಲಕ್ಷ ಮಾತ್ರ. ಆ ಹನ್ನೊಂದೂವರೆ ಲಕ್ಷಕ್ಕೆ ಅವನು ಕೊನೆಗೆ ತೆತ್ತಿರುವುದು 24 ಲಕ್ಷ. ಮಿಕ್ಕ ಹದಿನಾರೂವರೆ ಲಕ್ಷವನ್ನು ಮೊದಲೇ ಕೈಯಲ್ಲಿ ಹಿಡಿದಿರಬೇಕು. ಬಾಡಿಗೆ, ಅಕ್ಕಿಬೇಳೆ, ಮಕ್ಕಳ ಶುಲ್ಕ, ಔಷಧ ಇವುಗಳನ್ನು ಕಳೆದು ತಿಂಗಳಿಗೆ 3,000 ರೂಪಾಯಿ ಉಳಿಸುವ ಸಾಹಸಿಯೇ ಅವನಾದರೂ ಆ ಮೊತ್ತವು ಕೂಡಿಬರಲು 45 ವರ್ಷಗಳು ಸಾಲವು. 25ನೆಯ ವಯಸ್ಸಿನಲ್ಲಿ ಉಳಿಸತೊಡಗಿದವನು 70 ದಾಟಿದ ಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಬಹುದು. ಆ ಮುದುಕನಿಗೆ 20 ವರ್ಷದ ಸಾಲ ಕೊಡುವ ಬ್ಯಾಂಕು ಯಾವುದು? ಅದೂ ಈ 45 ವರ್ಷವೂ ನೆಲದ ಬೆಲೆಯು ಏರದೆ ಅವನಿಗಾಗಿ ಕಾದು ನಿಂತಿದ್ದರೆ!

ಹೆಂಡತಿಯೂ ಅಷ್ಟೇ ಸಂಬಳ ತರುವಳಾದರೆ ಲೆಕ್ಕವು ಬಹಳ ಸಡಿಲವಾಗುವುದು ನಿಜ. ಆದರೆ ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುವ ಹೆಂಗಸಿಗೆ, ಮೂರು ಮನೆಗಳ ಪಾತ್ರೆ ತೊಳೆಯುವ ಹೆಂಗಸಿಗೆ 20,000 ರೂಪಾಯಿ ಕೊಡುವವರಾರು? ಕೊಟ್ಟರೆಂದೇ ಎಣಿಸಿದರೂ ಇಬ್ಬರ ಗಳಿಕೆಯ ಅರ್ಧವು 20 ವರ್ಷ ಒಂದು ತಿಂಗಳೂ ತಪ್ಪದೆ ಸಲ್ಲುತ್ತಿರಬೇಕು. ಅಷ್ಟರೊಳಗೆ ಒಂದು ಹೆರಿಗೆಯಾಗಲಿ, ಒಂದು ಕಾಯಿಲೆಯಾಗಲಿ, ಅಂಗಡಿಯ ಯಜಮಾನನ ಮುನಿಸಾಗಲಿ ಬರಕೂಡದು.

ಸ್ವಂತ ಮನೆಯ ಜಗಲಿಯ ಮೇಲೆ ಕುಳಿತ ಕೆಲವರು ಇದಕ್ಕೆಲ್ಲ ಒಂದೇ ಉತ್ತರವನ್ನು ಇಟ್ಟುಕೊಂಡಿರುವರು. ಈಗಿನ ತರುಣರು ದುಂದುಗಾರರು, ಕೈಯಲ್ಲಿ ಮೊಬೈಲು, ಬಾಗಿಲಲ್ಲಿ ಮೋಟಾರು ಸೈಕಲ್ಲು, ಹಿಂದಿನವರು ಹೊಟ್ಟೆಬಟ್ಟೆ ಕಟ್ಟಿ ಮನೆ ಮಾಡಿದರು ಎಂಬುದು ಅವರ ಸಿದ್ಧಾಂತ. ಮೇಲಿನ ಲೆಕ್ಕದ ಪ್ರಕಾರ 15,000 ರೂಪಾಯಿಯ ಮೊಬೈಲನ್ನು ಕೊಳ್ಳದೆ ಬಿಟ್ಟವನಿಗೆ 5 ಚದರ ಅಡಿ ನೆಲವು ದೊರೆಯುವುದು. ಅದರಲ್ಲಿ ಒಂದು ತುಲಸೀಕಟ್ಟೆಯನ್ನು ಕಟ್ಟಬಹುದು. ಪ್ರದಕ್ಷಿಣೆ ಮಾಡಲು ಮಾತ್ರ ಪಕ್ಕದವನ ಅಪ್ಪಣೆ ಬೇಕಾದೀತು.

ಹಿರಿಯರು ಮಿತವ್ಯಯಿಗಳಾಗಿದ್ದರೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆ ಮಿತವ್ಯಯಕ್ಕೆ ನೆಲೆ ಸಿಕ್ಕುವಂತೆ ನೆಲವನ್ನು ಒದಗಿಸಿದವರು ಯಾರು? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಬಸವನಗುಡಿ, ಮಲ್ಲೇಶ್ವರಗಳನ್ನು ವಿಂಗಡಿಸಿ ಹಂಚಿದವರು ಲಾಭಕ್ಕೆ ಹೊರಟ ವ್ಯಾಪಾರಿಗಳಲ್ಲ, ಸಂಸ್ಥಾನದ ಸರ್ಕಾರದವರು. ಮೈಸೂರು ನಗರದ ಸುಧಾರಣೆಗಾಗಿ 1903ರಲ್ಲಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಿ ಟ್ರಸ್ಟ್ ಬೋರ್ಡನ್ನು ನಿಲ್ಲಿಸಿದುದು ಈ ನಾಡಿನ ಹೆಮ್ಮೆ. 1905ರಲ್ಲಿ ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಬಂದಿತು; 1909ರಲ್ಲಿ ಸ್ಥಾಪಿತವಾದ ಬೆಂಗಳೂರು ಗೃಹನಿರ್ಮಾಣ ಸಹಕಾರ ಸಂಘವು ಭಾರತದಲ್ಲಿಯೇ ಮೊದಲನೆಯದೆಂದು ಎಣಿಸಲ್ಪಡುವುದು. ಮುಂದೆ ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳು ಕೆಲಸಗಾರರಿಗೆ ವಸತಿಗಳ ಊರನ್ನೇ ಕಟ್ಟಿದುವು. ಆದುದರಿಂದ ಹಿಂದಿನ ಗುಮಾಸ್ತನು ಮನೆ ಮಾಡಿದುದು ತನ್ನ ಉಳಿತಾಯದ ಬಲದಿಂದ ಮಾತ್ರವಲ್ಲ. ಪೇಟೆಯ ಬೆಲೆಗೆ ಸಿಕ್ಕದ ನೆಲವನ್ನು ಯಾರೋ ಅವನ ಕೈಗೆ ಮುಟ್ಟಿಸಿದ್ದರು. ಈಗಿನವನಿಗೆ ಉಪದೇಶವು ಉಳಿದಿದೆ, ನೆಲವು ಉಳಿದಿಲ್ಲ.

ಹಾಗಾದರೆ ಆ ಏರ್ಪಾಡು ಎಲ್ಲಿ ಕೆಟ್ಟಿತು? ಅಗ್ಗದ ಬೆಲೆಗೆ ಕೊಟ್ಟ ನಿವೇಶನವನ್ನು ಪೂರ್ಣ ಸ್ವಾಮ್ಯದ ಸೊತ್ತಾಗಿ ಕೊಟ್ಟುದರಲ್ಲಿಯೇ ಕೆಡುಕಿನ ಬೀಜವಿತ್ತು. ಮೊದಲ ಯಜಮಾನನು ವಾಸಕ್ಕೆಂದು ಪಡೆದನು. ಗೊತ್ತುಪಡಿಸಿದ ವರ್ಷಗಳು ಕಳೆದು ಕ್ರಯಪತ್ರವು ಕೈಗೆ ಬಂದೊಡನೆ ಅದು ವಾಸದ ನೆಲವಾಗಿ ಉಳಿಯದೆ ಮಾರುವ ಸರಕಾಯಿತು. ಸಾರ್ವಜನಿಕರ ಹಣದಿಂದ ರಸ್ತೆ, ನೀರು, ದೀಪಗಳು ಬಂದಂತೆಲ್ಲ ಆ ಸರಕಿನ ಬೆಲೆಯು ಏರಿತು. ಏರಿದ ಬೆಲೆಯು ಸೇರಿದುದು ಸಾರ್ವಜನಿಕರಿಗಲ್ಲ. ಎರಡನೆಯ ತಲೆಮಾರಿನ ಗುಮಾಸ್ತನು ಅದೇ ನೆಲಕ್ಕೆ ಪೇಟೆಯ ಪೂರ್ತಿ ಬೆಲೆಯನ್ನು ತೆರಬೇಕಾಯಿತು. ಸಹಕಾರ ಸಂಘಗಳದೂ ಇದೇ ಕಥೆ. ನಿವೇಶನಗಳನ್ನು ಹಂಚಿದ ಮೇಲೆ ಸಂಘದ ಕೈಯಲ್ಲಿ ಉಳಿಯುತ್ತಿದ್ದುದು ಒಂದು ಬೀರು, ಕೆಲವು ರಶೀತಿ ಪುಸ್ತಕಗಳು. ಕೆಲವು ಸಂಘಗಳಂತೂ ಸಹಕಾರದ ಹೆಸರನ್ನು ಹೊತ್ತ ದಲ್ಲಾಳಿಗಳ ಮಂಡಿಗಳಾದುವು. ಎಚ್.ಎಂ.ಟಿ. ನೌಕರರ ಗೃಹನಿರ್ಮಾಣ ಸಂಘಕ್ಕಾಗಿ ಮಾಡಿದ ಭೂಸ್ವಾಧೀನವನ್ನು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ತೀರ್ಮಾನಿಸಿದಾಗ, ಮಧ್ಯವರ್ತಿಗಳು ಆ ವ್ಯವಹಾರದೊಳಗೆ ಹೊಕ್ಕಿದ್ದ ಬಗೆಯು ಬಯಲಿಗೆ ಬಂದಿತು.

ಊರಂಚಿನ ಬಡಾವಣೆಗಳಲ್ಲಿ ಒಂದು ಸಂಜೆ ಸುತ್ತಾಡಿ ಬಂದವರಿಗೆ ಈ ಸರಕಿನ ದಾಸ್ತಾನು ಕಣ್ಣಿಗೆ ಬೀಳದಿರದು. ಡಾಂಬರು ಹಾಕಿದ ರಸ್ತೆ, ಬೆಳಗುವ ದೀಪದ ಕಂಬ, ಹರಿಯುವ ನಲ್ಲಿ, ಎಲ್ಲವೂ ಇವೆ. ನಡುವೆ ಸಾಲುಸಾಲಾಗಿ ಪಾರ್ಥೇನಿಯಂ ಬೆಳೆದ ಖಾಲಿ ನಿವೇಶನಗಳು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಒಂದು ತಂತಿಬೇಲಿ, “ಈ ಸ್ವತ್ತು ಮಾರಾಟಕ್ಕಿಲ್ಲ” ಎಂಬ ಹಲಗೆ. ವಾಸ್ತವವಾಗಿ ಅದು ಮಾರಾಟಕ್ಕಿರುವುದೇ. ಇಂದಿನ ಬೆಲೆಗೆ ಇಲ್ಲ, ಅಷ್ಟೆ. ಅದೇ ಬಡಾವಣೆಯ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸು ಹತ್ತು ಮೈಲಿ ದೂರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವಳು. ಖಾಲಿ ನಿವೇಶನಕ್ಕೆ ತೆರಿಗೆಯಿಲ್ಲವೆಂದಲ್ಲ. ಆದರೆ ನೆಲದ ಬೆಲೆಯ ಏರಿಕೆಯ ಮುಂದೆ ಆ ತೆರಿಗೆಯು ಆನೆಯ ಮೈಮೇಲಿನ ಸೊಳ್ಳೆ.

ಕೊಳ್ಳುವವರು ಎಲ್ಲಿಂದ ಬರುವರೆಂಬುದು ಇನ್ನೊಂದು ಮಾತು. ಕನಿಷ್ಠ ವೇತನವನ್ನು ನಿಗದಿ ಮಾಡುವಾಗ ಸರ್ಕಾರದವರು ನಾಡನ್ನು ವಲಯಗಳಾಗಿ ವಿಂಗಡಿಸಿ, ಬೆಂಗಳೂರಿಗೆ ಹೆಚ್ಚು, ಇತರ ಊರುಗಳಿಗೆ ಕಡಮೆಯೆಂದು ಗೊತ್ತುಮಾಡುತ್ತ ಬಂದಿರುವರು. ಚಿಕ್ಕ ಊರಿನಲ್ಲಿ ಬಾಳುವ ವೆಚ್ಚವು ಕಡಮೆಯೆಂಬುದು ಇದಕ್ಕೆ ಆಧಾರ. ಸೊಪ್ಪು ತರಕಾರಿಯ ಮಟ್ಟಿಗೆ ಇದು ಸರಿಯಿರಬಹುದು. ನೆಲದ ಬೆಲೆಯು ಈ ವಲಯಗಳ ಪಟ್ಟಿಯನ್ನು ಓದಿಲ್ಲ. 2023ರ ಮಾರ್ಚಿಯಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯು ಉದ್ಘಾಟನೆಗೊಂಡು 118 ಕಿಲೋಮೀಟರ್ ದಾರಿಯು ಕುಗ್ಗಿದಂತಾಯಿತು. ಬೆಂಗಳೂರಿನ ಹಣಕ್ಕೆ ಮೈಸೂರಿನ ನೆಲವು ಕೈಗೆಟುಕಿತು, ಮೈಸೂರಿನ ಗುಮಾಸ್ತನಿಗೆ ಬೆಂಗಳೂರಿನ ಸಂಬಳವು ಎಟುಕಲಿಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ ಬೇಸಾಯಗಾರರಲ್ಲದವರು ಜಮೀನು ಕೊಳ್ಳುವುದಕ್ಕೆ ಇದ್ದ ತಡೆಗಳನ್ನು 2020ರ ತಿದ್ದುಪಡಿಯು ಕಿತ್ತುಹಾಕಿತು. ನಗರದ ನೆಲಕ್ಕೆ ಮಿತಿ ಹಾಕಿದ್ದ 1976ರ ಕಾಯಿದೆಯು, ವಿನಾಯಿತಿಗಳಿಂದ ಜರಡಿಯಾಗಿದ್ದುದೇ ಆದರೂ, 1999ರಲ್ಲಿಯೇ ಹೋಗಿತ್ತು. ಹೀಗೆ ಕೂಲಿಯು ಊರಿನದಾಗಿಯೇ ಉಳಿದು, ಬೆಲೆಯು ದೇಶಾಂತರದ್ದಾಯಿತು. ಹೊರಗಿನವರನ್ನು ಹಳಿದು ಪ್ರಯೋಜನವಿಲ್ಲ. ಅವರು ಕೊಳ್ಳುವುದು ಮಾರಲ್ಪಡುವ ವಸ್ತುವನ್ನು. ಮಾರಬಾರದಿದ್ದುದನ್ನು ಸಂತೆಯಲ್ಲಿಟ್ಟವರು ಒಳಗಿನವರೇ.

2024ರಲ್ಲಿ ಮೈಸೂರಿನ ಪ್ರಾಧಿಕಾರದ ನಿವೇಶನಗಳನ್ನು ಕುರಿತು ನಾಡಿನಾದ್ಯಂತ ಎದ್ದ ವಿವಾದವು ವಾಚಕರ ನೆನಪಿನಲ್ಲಿರುವುದಷ್ಟೆ. ಅದರ ಸರಿತಪ್ಪುಗಳು ನ್ಯಾಯಾಲಯಗಳಿಗೆ ಸೇರಿದುವು. ಆದರೆ ಯಾರಿಗೆ ಎಷ್ಟು ನಿವೇಶನಗಳು ಸಿಕ್ಕಿದುವೆಂದು ತಿಂಗಳುಗಟ್ಟಲೆ ಕಾದಾಡಿದ ಪಕ್ಷಗಳಲ್ಲಿ ಒಂದಾದರೂ, ಏನೂ ಸಿಕ್ಕದವರ ಪಟ್ಟಿಯು ಎಷ್ಟು ಉದ್ದವಾಗಿದೆಯೆಂದು ಅದೇ ಉತ್ಸಾಹದಿಂದ ಕೇಳಿತೆ?

ಸರ್ಕಾರದ ಯೋಜನೆಗಳಿಲ್ಲವೆ ಎಂದು ಕೇಳುವವರಿದ್ದಾರೆ. ಇವೆ. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯು ಹೊರಟು 2022ರೊಳಗೆ ಸರ್ವರಿಗೂ ಮನೆಯೆಂದು ಸಾರಿತು. 2024ರಲ್ಲಿ ಅದರ ಎರಡನೆಯ ಆವೃತ್ತಿಯು ಬಂದಿತು. ಇದರ ಒಂದು ಮುಖ್ಯ ವಿಭಾಗವು ಸ್ವಂತ ನೆಲವುಳ್ಳವನು ತಾನೇ ಕಟ್ಟಿಕೊಳ್ಳುವ ಮನೆಗೆ ಸಹಾಯಧನವನ್ನು ಕೊಡುವುದು. ನೆಲವಿಲ್ಲದವನಿಗೆ ಇದು ಊಟಕ್ಕಿಲ್ಲದ ಉಪ್ಪಿನಕಾಯಿ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ತೆರಿಗೆಯು ನೂರಕ್ಕೆ 28ರಿಂದ 18ಕ್ಕೆ ಇಳಿಯಿತೆಂದು ಸಂತೋಷಪಟ್ಟವರು, ಅದಕ್ಕೆ ಕೆಲವೇ ವಾರಗಳ ಮುಂಚೆ ಆಗಸ್ಟಿನ ಕೊನೆಯಲ್ಲಿ ಕರ್ನಾಟಕದ ನೋಂದಣಿ ಶುಲ್ಕವು ನೂರಕ್ಕೆ ಒಂದರಿಂದ ಎರಡಕ್ಕೆ ಏರಿದುದನ್ನೂ ನೆನೆಯಬೇಕು. ಸಿಮೆಂಟು ಬೇಕಾಗುವುದು ನೆಲ ದೊರೆತ ಮೇಲೆ.

ಇನ್ನು ಬಾಡಿಗೆಯ ಮನೆ ಸಾಲದೆ, ಎಲ್ಲರಿಗೂ ಒಡೆತನದ ಹುಚ್ಚೇಕೆ ಎಂಬ ಪ್ರಶ್ನೆ. ಬಾಡಿಗೆಯವನಿಗೆ ನೆಮ್ಮದಿಯಿರುವ ದೇಶಗಳಲ್ಲಿ ಇದು ಒಪ್ಪತಕ್ಕ ಮಾತು. ಇಲ್ಲಿ 11 ತಿಂಗಳ ಕರಾರು. ಹನ್ನೆರಡನೆಯ ತಿಂಗಳಿನಲ್ಲಿ ಬಾಡಿಗೆ ಏರಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. 1999ರ ಬಾಡಿಗೆ ಕಾಯಿದೆಯು ರಕ್ಷಿಸುವುದು ಊರನ್ನು ನೋಡಿ 3,500 ಅಥವಾ 2,000 ರೂಪಾಯಿಗೆ ಮೀರದ ಬಾಡಿಗೆಯ ಮನೆಗಳನ್ನು. ಅಂಥ ಬಾಡಿಗೆಗೆ ಈಗ ದೊರೆಯುವುದು ಮನೆಯೋ ಕೊಟ್ಟಿಗೆಯೋ ಎಂಬುದನ್ನು ಕಾಯಿದೆಯು ವಿಚಾರಿಸದು. ಮುಂಗಡವನ್ನು ಕೂಡಿಸಿಕೊಂಡು ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ “ನೀವು ಯಾವ ಪೈಕಿ?” ಎಂದು ಕೇಳುವ ಪದ್ಧತಿಯು ಅಳಿದಿಲ್ಲ, ಉತ್ತರವನ್ನು ಕೇಳಿದ ಮೇಲೆ, ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆವೆಂಬ ಸಬೂಬು ಸಿದ್ಧವಾಗಿರುವುದು. ಇಂಥ ಊರಿನಲ್ಲಿ ಸ್ವಂತ ಬಾಗಿಲನ್ನು ಬಯಸುವುದು ಹುಚ್ಚೆ?

ಈ ವಾದಕ್ಕೆ ನಿಜವಾಗಿಯೂ ತೂಕವುಳ್ಳ ಆಕ್ಷೇಪವು ಒಂದೇ. ಅದು ರೈತನ ಕಡೆಯಿಂದ ಬರುವುದು. ಹಿಂದೆ ಗುಮಾಸ್ತನಿಗೆ ನಿವೇಶನವು ಅಗ್ಗವಾಗಿದ್ದುದು ರೈತನ ಹೊಲಕ್ಕೆ ಕೊಟ್ಟ ಪರಿಹಾರವು ಅಗ್ಗವಾಗಿದ್ದುದರಿಂದ. ಒಬ್ಬ ಬಡವನ ಬಾಯಿಂದ ಕಿತ್ತು ಇನ್ನೊಬ್ಬನಿಗೆ ಉಣಿಸಿದಂತಾಯಿತೆಂದು ರೈತರು ಹೇಳಿದರೆ ಅದು ಸತ್ಯವೇ. 2013ರ ಭೂಸ್ವಾಧೀನ ಕಾಯಿದೆಯು ಪರಿಹಾರವನ್ನು ಹೆಚ್ಚಿಸಿದುದು ನ್ಯಾಯವಾದುದು. ಆ ನ್ಯಾಯದಿಂದ ಹಿಂದೆಗೆಯಬೇಕೆಂದು ಯಾರೂ ಬಯಸಬಾರದು. ಆದರೆ ರೈತನಿಗೆ ಪೂರ್ಣ ಬೆಲೆಯನ್ನು ಕೊಡತಕ್ಕದ್ದೆಂದಾದರೆ, ಹಾಗೆ ಕೊಂಡ ನೆಲವನ್ನು ಮತ್ತೆ ಮಾರಕೂಡದೆಂಬ ನಿರ್ಣಯಕ್ಕೆ ಅದೇ ಬಲವಾದ ಕಾರಣವಾಗುವುದು. ಸಮಾಜವು ಒಂದು ಸಲ ಪೂರ್ತಿ ಬೆಲೆ ತೆತ್ತ ನೆಲಕ್ಕೆ ಪ್ರತಿಯೊಂದು ತಲೆಮಾರಿನ ಗುಮಾಸ್ತನೂ ಹೊಸದಾಗಿ, ಹಿಂದಿನದಕ್ಕಿಂತ ಹೆಚ್ಚಾಗಿ ಬೆಲೆ ತೆರುವುದೇಕೆ? ನೆಲವು ಪ್ರಾಧಿಕಾರದ ಅಥವಾ ಸಂಘದ ಒಡೆತನದಲ್ಲಿಯೇ ಉಳಿಯಲಿ. ವಾಸಿಸುವವನಿಗೆ ಅದು ದೀರ್ಘಕಾಲದ ಗುತ್ತಿಗೆಗೆ, ಅವನ ಸಂಬಳಕ್ಕೆ ತಕ್ಕ ವಾರ್ಷಿಕ ಗೇಣಿಗೆ ದೊರೆಯಲಿ. ಮನೆಯು ಅವನದು, ಮಕ್ಕಳಿಗೂ ಸಲ್ಲಲಿ. ಊರು ಬಿಡುವ ಕಾಲ ಬಂದರೆ ಮನೆಯನ್ನು ಸಂಘಕ್ಕೆ ಒಪ್ಪಿಸಿ, ಕಟ್ಟಿದ ವೆಚ್ಚವನ್ನೂ ಅದರ ಮೇಲೆ ನ್ಯಾಯವಾದ ಒಂದು ಅಂಶವನ್ನೂ ಪಡೆದು ಹೋಗಲಿ. ಮೊದಲಿನ ಲೆಕ್ಕದ 28 ಲಕ್ಷದಲ್ಲಿ ನೆಲದ 18 ಲಕ್ಷವನ್ನು ತೆಗೆದುಬಿಟ್ಟರೆ, ಉಳಿಯುವ 10 ಲಕ್ಷಕ್ಕೆ ತಿಂಗಳ ಕಂತು ಸುಮಾರು 8,700 ರೂಪಾಯಿ. 20,000 ರೂಪಾಯಿ ಸಂಬಳದವನಿಗೆ ಇದು ಬಿಗಿಯೇ. ಆದರೆ 45 ವರ್ಷ ಕಾಯಬೇಕಾಗಿಲ್ಲ.

ಇದು ಯಾವುದೋ ಪರದೇಶದಿಂದ ತಂದ ಯೋಚನೆಯೆಂದು ಮೂಗು ಮುರಿಯುವವರು ಮೈಸೂರಿನಿಂದ ಹುಣಸೂರಿನ ದಾರಿ ಹಿಡಿದು ಇಲವಾಲದವರೆಗೆ ಹೋಗಿ ಬರಬೇಕು. 1951ರಲ್ಲಿ ಪೋಚಂಪಳ್ಳಿಯಲ್ಲಿ ಭೂದಾನವನ್ನು ಆರಂಭಿಸಿದ ವಿನೋಬಾ ಭಾವೆಯವರು ಮುಂದೆ ಗ್ರಾಮದಾನಕ್ಕೆ ಕೈಹಾಕಿದರು. ಅದರ ತಿರುಳೆಂದರೆ ನೆಲದ ಒಡೆತನವು ಗ್ರಾಮಕ್ಕೆ, ಅನುಭೋಗವು ಕುಟುಂಬಕ್ಕೆ. ಈ ತತ್ತ್ವವನ್ನು ಚರ್ಚಿಸಲು 1957ರ ಸೆಪ್ಟೆಂಬರಿನಲ್ಲಿ ಇದೇ ಇಲವಾಲದಲ್ಲಿ ಸಮ್ಮೇಳನವು ನಡೆದು, ರಾಷ್ಟ್ರಪತಿ ರಾಜೇಂದ್ರಪ್ರಸಾದರೂ ಪ್ರಧಾನಿ ನೆಹರೂ ಅವರೂ ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರೂ ಕಲೆತಿದ್ದರು. ಈಗ ಅದೇ ಇಲವಾಲದ ಸುತ್ತ ಹೊಲಗಳಲ್ಲಿ ಕಾಣುವುದು ಹೊಸ ಬಡಾವಣೆಗಳ ಬಣ್ಣದ ಹಲಗೆಗಳು. ಗ್ರಾಮದಾನದ ಬಹುಭಾಗವು ಕಾಗದದ ಮೇಲೆಯೇ ಉಳಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಇಲ್ಲಿ ಒಣಗಿದ ಬೀಜವು ಬೇರೆಡೆ ಮೊಳೆಯಿತು. ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ 1969ರಲ್ಲಿ ಆಫ್ರಿಕನ್ ಮೂಲದ ರೈತರು, ಗ್ರಾಮದಾನದಿಂದಲೂ ಇಸ್ರೇಲಿನ ಗುತ್ತಿಗೆ ಪದ್ಧತಿಯಿಂದಲೂ ಸ್ಫೂರ್ತಿಗೊಂಡ ನಾಯಕರೊಡನೆ ಕೂಡಿ, ಸುಮಾರು 5,700 ಎಕರೆಗಳನ್ನು ಸಮುದಾಯದ ಹೆಸರಿನಲ್ಲಿ ಕೊಂಡರು. ಸಾಲದ ಭಾರದಿಂದ 1985ರಲ್ಲಿ ಆ ನೆಲವು ಅವರ ಕೈಬಿಟ್ಟಿತು, ಕ್ರಮವು ಬಿಡಲಿಲ್ಲ. ವರ್ಮಾಂಟ್ ಪ್ರಾಂತದ ಬರ್ಲಿಂಗ್ಟನ್ ಪಟ್ಟಣದಲ್ಲಿ 1984ರಲ್ಲಿ ಇದೇ ಮಾದರಿಯ ಟ್ರಸ್ಟನ್ನು ನಿಲ್ಲಿಸಿದರು. ಅಲ್ಲಿ ಮನೆ ಮಾರುವವನಿಗೆ ಏರಿದ ಬೆಲೆಯ ಕಾಲುಭಾಗವು ಸಲ್ಲುವುದು. ಮುಕ್ಕಾಲು ಭಾಗವು ಮುಂದಿನವನಿಗೆ ಅಗ್ಗವಾಗಿ ಉಳಿಯುವುದು.

ಕರ್ನಾಟಕದ ಕಾನೂನಿಗೂ ಇದು ತೀರ ಅಪರಿಚಿತವಾದ ಭಾಷೆಯಲ್ಲ. ‘ಉಳುವವನೇ ಹೊಲದೊಡೆಯ’ ಎಂದು 1974ರಲ್ಲಿ ನಾಡು ಸಾರಿತು. ತಾಂಡಾಗಳಲ್ಲಿ, ಗೊಲ್ಲರ ಹಟ್ಟಿಗಳಲ್ಲಿ ದಾಖಲೆಯಿಲ್ಲದೆ ತಲೆಮಾರುಗಳನ್ನು ಕಳೆದವರಿಗಾಗಿ ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು 2017ರಲ್ಲಿ ಕಾನೂನಾಯಿತು. ಎರಡರಲ್ಲಿಯೂ ಹಕ್ಕು ಹುಟ್ಟಿದುದು ಹಣದಿಂದಲ್ಲ, ಉಪಯೋಗದಿಂದ. ನಗರದ ಎಲ್ಲೆಯನ್ನು ಮುಟ್ಟಿದೊಡನೆ ಈ ನ್ಯಾಯವು ಬಾಯಿ ಮುಚ್ಚಿಕೊಳ್ಳುವುದೇಕೆಂಬುದಕ್ಕೆ ಆಳುವವರಿಂದ ಉತ್ತರ ಬಂದಿಲ್ಲ.

ಆರಂಭಿಸಬೇಕಾದ ಸ್ಥಳವೂ ಸ್ಪಷ್ಟವಾಗಿದೆ. ಪ್ರಾಧಿಕಾರಗಳು ತಮ್ಮ ಬಡಾವಣೆಗಳ ಮೂಲೆ ನಿವೇಶನಗಳನ್ನು ಹರಾಜಿಗೆ ಇಡುವುವು. ಹೆಚ್ಚು ಕೂಗಿದವನ ಬೆಲೆಯು ಮರುದಿನವೇ ಇಡೀ ಬೀದಿಯ ಬೆಲೆಯಾಗುವುದು. ನೆಲವನ್ನು ಅಗ್ಗವಾಗಿ ಹಂಚಲೆಂದು ಹುಟ್ಟಿದ ಸಂಸ್ಥೆಯೇ ಬೆಲೆ ಏರಿಸುವ ಡಂಗುರವನ್ನು ಹೊಡೆದಂತಾಗುವುದು. ಬೊಕ್ಕಸಕ್ಕೆ ಹಣ ಬರುವುದೆಂಬುದು ಅವರ ಸಮಾಧಾನ. ಆ ಹಣದಿಂದ ಇನ್ನೊಂದು ಬಡಾವಣೆ, ಅದರ ಮೂಲೆಗಳಿಗೆ ಇನ್ನೊಂದು ಹರಾಜು. ಮುಂದಿನ ಹರಾಜಿನ ಪ್ರಕಟಣೆಯು ಹೊರಬೀಳುವ ಮುನ್ನ ಜಿಲ್ಲೆಯ ಕಾರ್ಮಿಕ ಸಂಘಗಳೂ ಉಪಾಧ್ಯಾಯರ ಸಂಘಗಳೂ ಸಾಹಿತ್ಯ ಸಂಘಗಳೂ ಕೂಡಿ ಪ್ರಾಧಿಕಾರಕ್ಕೆ ಬರೆದು ಕೊಡಬೇಕಾದ ಬೇಡಿಕೆಯು ಇಷ್ಟೆ: ಮೂಲೆಯದಾಗಲಿ ನಡುವಿನದಾಗಲಿ, ಇನ್ನು ಯಾವ ಸಾರ್ವಜನಿಕ ನಿವೇಶನವನ್ನೂ ಕ್ರಯಕ್ಕೆ ಕೊಡಕೂಡದು, ಹಂಚಿದ ನಿವೇಶನದಲ್ಲಿ ಅವಧಿಯೊಳಗೆ ಮನೆ ಏಳದಿದ್ದರೆ, ಪಡೆದವನು ಯಾರೇ ಆಗಿರಲಿ, ಕಟ್ಟಿದ ಹಣವನ್ನು ಹಿಂದಿರುಗಿಸಿ ನೆಲವನ್ನು ಮರಳಿ ಪಡೆಯತಕ್ಕದ್ದು, ಮರಳಿ ಪಡೆದುದನ್ನು ಸ್ವಂತ ಮನೆಯಿಲ್ಲದ, ಜಿಲ್ಲೆಯೊಳಗೆ ದುಡಿಯುವ ಕುಟುಂಬಗಳಿಗೆ ಗುತ್ತಿಗೆಗೆ ಕೊಡತಕ್ಕದ್ದು.